ಹಸಿ ಗಾರೆ

"ಕೆಲಸ ಮುಗೀತಲ್ಲ, ಇನ್ನ ಹೊರಗ ನಡಿ," ಎಂದ ಕಾರಭಾರಿ ಚಂದ್ರಶಾ. ಬಾಗಿಲಲ್ಲಿ ಪುರೋಹಿತರು ಗೋಮೂತ್ರದ ತಂಬಿಗೆ ಹಿಡಿದು ಕಾದಿದ್ದರು. ಶಹಾಬಜಾರದ ಆ ಹಳೆಯ ವಾಡೆಯಲ್ಲಿ, ಮನೆಯ ಒಡೆಯರಾದ ದೇಶಮುಖರ ಅಜ್ಜನ ಪಲ್ಲಕ್ಕಿ, ಕತ್ತಿಗಳನ್ನು ಜೋಡಿಸಿಡಬೇಕಿತ್ತು. ಅವನ್ನು ನೋಡಲು ನಾಳೆ ನಿಜಾಮರ ಸುಭೇದಾರರು ಬರುವವರಿದ್ದರು.

ಕಮಲಾಪುರದಿಂದ ಗಾರೆ ಕೆಲಸಕ್ಕೆ ಬಂದಿದ್ದ ಮಾನಮ್ಮ ಕದಲಲಿಲ್ಲ. "ಈ ಮನಿ ಕಟ್ಟುವಾಗ ಸುಣ್ಣ ಅರದಾಕಿ ನಮ್ಮಜ್ಜಿ. ಆಕೀನೂ ಹಿಂಗ ಹೊರಗ ಹಾಕಿದ್ರು."

"ಕೆಲಸ ನಡದಷ್ಟು ದಿನ ನೀವು ಒಳಗ. ಮುಗದು ಶುದ್ಧಿ ಆತಂದ್ರ ಹೊಸ್ತಿಲು ದಾಟಂಗಿಲ್ಲ. ಮೊದಲಿಂದ ಪದ್ಧತಿ ಅದ."

ಮಾನಮ್ಮ ಪಡಸಾಲೆಗೆ ಹೋದಳು. ತಾನೇ ಕನ್ನಡಿಯಂತೆ ನಯ ಮಾಡಿದ್ದ ಹಸಿ ಗೋಡೆಗೆ ಕರಣೆ ಚುಚ್ಚಿ, ಮೊರದಗಲ ಗಾರೆ ಕಿತ್ತು ನೆಲಕ್ಕೆ ಕೆಡವಿದಳು. ಆಮೇಲೆ ಅಲ್ಲೇ ಕಾಲು ಚಾಚಿ ಕುಳಿತು ಎಲೆ ಅಡಿಕೆಯ ಸಂಚಿ ಬಿಚ್ಚಿದಳು.

"ಕೆಲಸ ಇನ್ನೂ ಮುಗದಿಲ್ರೀ."