ಗುಲಾಬಿ ಸವರುವ ಕಾಲ

ಗಂಡನ ನೌಕರಿಯ ಹಿಂದೆ ಊರೂರು ಅಲೆದ ನೀಲಾಂಬಿಕಾ, ಧಾರವಾಡದ ಮನೆಗೆ ಮರಳಿ ತಿಂಗಳಾಗಿತ್ತು. ದಸರಾ ಮುಗಿದು ಮಳೆ ನಿಂತಿತ್ತು; ಗುಲಾಬಿ ಗಿಡ ಸವರುವ ಕಾಲ. ಜೊತೆಗೆ ಆಡಿ ಬೆಳೆದ ಅನಸೂಯಾ ಎರಡು ಓಣಿಯಾಚೆ ಇದ್ದರೂ ಇತ್ತ ಸುಳಿದಿರಲಿಲ್ಲ.

“ನಾನೇ ಹೋಗಿ ಕೇಳಿ ಬರ್ತೀನಿ,” ಎಂದಳು ನೀಲಾಂಬಿಕಾ, ಒಂದು ಟೊಂಗೆಯನ್ನು ಬುಡಕ್ಕೇ ಕತ್ತರಿಸಿ.

“ಬ್ಯಾಡ,” ಎಂದ ಗಂಡ. “ಬಜಾರದಾಗ ಸಿಕ್ಕಿದ್ಲು. ಮಾರಿ ತಿರುವಿಕೊಂಡು ಹೋದ್ಲು. ನಿನಗರ ಮರ್ಯಾದಿ ಬ್ಯಾಡೇನು?”

ಆಕೆಯ ಮೈಯೆಲ್ಲ ಉರಿಯಿತು. ತನ್ನ ಮಗ ತೀರಿಕೊಂಡಾಗಲೂ ಒಂದು ಫೋನು ಮಾಡದವಳು!

ಮರುದಿನ ಬೆಳಿಗ್ಗೆ ಎಂದಿನಂತೆ ಆಕೆ ಹಿತ್ತಲಿನ ಗಿಡಗಳಿಗೆ ಗೊಬ್ಬರ ಹಾಕುತ್ತಿದ್ದಾಗ ಗೇಟು ಸದ್ದು ಮಾಡಿತು.

“ನೀಲಾ ಅದಾಳೇನ್ರಿ?”

ಅನಸೂಯಾಳದೇ ದನಿ. ಎದುರಿಗೆ ನಿಲ್ಲಿಸಿ ಬಾಯಿಗೆ ಬಂದಂತೆ ಬೈಯಬೇಕೆಂದು ನೀಲಾಂಬಿಕಾ ಮಣ್ಣುಗೈಯಲ್ಲೇ ಎದ್ದು, ಮನೆ ಬಳಸಿಕೊಂಡು ದಾಪುಗಾಲು ಹಾಕಿದಳು. ಮೂಲೆ ತಿರುಗುವಷ್ಟರಲ್ಲಿ ಗಂಡನ ಮೆತ್ತನೆಯ ಮಾತು ಕಿವಿಗೆ ಬಿತ್ತು.

“ಯಾಕ ದಿನಾ ಬಂದು ಮನಸಿಗೆ ಹಚ್ಕೋತೀರಿ, ಅಕ್ಕಾರ? ಇವತ್ತೂ ಆಕಿ ನಿಮ್ಮ ಮಾರಿ ನೋಡಂಗಿಲ್ಲ ಅಂದ್ಲು.”