ಸೇತುವೆ ದಾಟಿದ ಮೇಲೆ

ಆಂಬುಲೆನ್ಸ್ ಸೇತುವೆ ಹತ್ತುತ್ತಿದ್ದಾಗ ಮುದುಕಿಯ ಕತ್ತಿನ ನಾಡಿ ನಿಂತದ್ದು ನರ್ಸ್ ಪೇಶಾನಳ ಬೆರಳಿಗೆ ತಿಳಿಯಿತು. ತೈನಾನ್ ಊರಿನ ಹಿರಿಯರಿಗೆ ಕೊನೆಯುಸಿರು ಸ್ವಂತ ಮನೆಯಲ್ಲೇ ಹೋಗಬೇಕು. ತುರ್ತು ಚಿಕಿತ್ಸಾ ಘಟಕದಿಂದ ಅವಳು ಜೊತೆಗೆ ಹೊರಟಿದ್ದೂ ಅದಕ್ಕೇ. ಬೆರಳು ತೆಗೆದು, ಉಸಿರಿನ ಚೀಲವನ್ನು ಮೊದಲಿನಂತೆಯೇ ಒತ್ತುತ್ತ ಹೋದಳು.

"ಅಮ್ಮಾ, ಸೇತುವೆ ದಾಟ್ತಿದೀವಿ, ಹೆದರ್ಬೇಡ," ಎಂದ ಮಗ ಕುನ್‌ಮಾವ್, ತಾಯಿಯ ಜೀವ ದಾರಿ ತಪ್ಪಬಾರದೆಂದು. "ಇದು ಮಾರ್ಕೆಟ್ಟು. ನೀನು ದಿನಾ ಜಗಳ ಆಡ್ತಿದ್ದ ಮೀನಂಗಡಿ."

ಮನೆಯ ಹಜಾರದಲ್ಲಿ ಮಲಗಿಸಿದ ಮೇಲೆ ಪೇಶಾನ್ ಮುದುಕಿಯ ಮುಖದ ಮಾಸ್ಕ್ ತೆಗೆದಳು. "ಅಜ್ಜಿ, ಮನೆ ಬಂತು," ಎಂದಳು. ಆಮೇಲೆ ಮಗನಿಗೆ, "ಈಗ ಹೋದ್ರು."

ಕುನ್‌ಮಾವ್ ತಾಯಿಯ ಕೂದಲು ಸರಿಪಡಿಸಿದ. "ಸೇತುವೆ ಮೇಲೆ ನೀವು ಬೆರಳು ತೆಗೆದಿದ್ದು ನೋಡ್ದೆ, ಸಿಸ್ಟರ್. ನೀವೇ ಒತ್ತೋದು ಬಿಡ್ಲಿಲ್ಲ. ನಾನು ದಾರಿ ಹೇಳೋದು ಹೇಗೆ ಬಿಡ್ಲಿ?"