ಊರಿಗೆ ಬೆನ್ನು ಹಾಕಿದವನು

ಕಂಚಿನ ವೆದರ್ಬಿಯ ಕಂಕುಳಿಗೆ ಕ್ರೇನಿನ ಪಟ್ಟಿ ಬಿಗಿದದ್ದಾಯಿತು. ಇನ್ನು ಮೇಯರ್ ಲಂಡ್‌ಕ್ವಿಸ್ಟ್ ಕೈ ಬೀಸಿದರೆ ಸಾಕು, ಒಂದು ಕಾಲಕ್ಕೆ ರೈಲು ಕಂಪನಿಯ ಅಧ್ಯಕ್ಷನಾಗಿದ್ದು ಊರಿಗೆ ತನ್ನ ಹೆಸರನ್ನೇ ಕೊಟ್ಟ ಮಹಾಶಯ ಮೊದಲ ಬಾರಿಗೆ ಊರಿನ ಕಡೆ ಮುಖ ಮಾಡುತ್ತಾನೆ. ರೈಲಿನಲ್ಲಿ ಬರುವವರಿಗೆ ಕಾಣಲೆಂದು ಆಗ ಅವನನ್ನು ಕಂಬಿಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದರು. ಈಗ ಆ ಕಂಬಿಯ ಮೇಲೆ ಕಲ್ಲಿದ್ದಲು ಹೋಗುತ್ತದೆಯೇ ಹೊರತು ಮನುಷ್ಯರು ಹೋಗುವುದಿಲ್ಲ. ಊರಿನವರಿಗೋ ಅವನ ಬೆನ್ನು ನೋಡಿ ನೋಡಿ ಸಾಕಾಗಿತ್ತು.

ಪ್ರತಿಮೆ ತಿರುಗಿಸುವ ಹಗ್ಗವನ್ನು ಮೊದಲು ಹಿಡಿಯುವ ಗೌರವ ದೆಸ್ಪಿನಾ ಕರಾಸ್ ಎಂಬ ಮುದುಕಿಗೆ ಸಂದಿತ್ತು. ವರ್ಷಕ್ಕೊಮ್ಮೆ, ಈಸ್ಟರಿನ ಉಪವಾಸ ಶುರುವಾಗುವ ಮುಂಚಿನ ಶನಿವಾರ, ಅವಳು ಬೇಯಿಸಿದ ಗೋಧಿಗೆ ಸಕ್ಕರೆ, ಬಾದಾಮಿ, ದಾಳಿಂಬೆ ಬೆರೆಸಿ ತಂದು ವೆದರ್ಬಿಯ ಕಾಲ ಬಳಿ ಇಟ್ಟು, ಶಿಲುಬೆಯ ಗುರುತು ಮಾಡಿಕೊಂಡು ಹೋಗುತ್ತಿದ್ದಳು. ಊರಿನವರ ಲೆಕ್ಕದಲ್ಲಿ ವೆದರ್ಬಿಗೆ ಅವಳಂಥ ಭಕ್ತೆ ಇನ್ನೊಬ್ಬಳಿಲ್ಲ. ದೆಸ್ಪಿನಾ ಆ ತಪ್ಪನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಭಕ್ತರನ್ನು ಯಾರೂ ಗದರಿಸಿ ಓಡಿಸುವುದಿಲ್ಲವಲ್ಲ.

"ಹಿಡೀರಿ ಅಜ್ಜಿ," ಎಂದು ಮೇಯರ್ ಹಗ್ಗವನ್ನು ಅವಳ ಕೈಗಿಟ್ಟ. "ನಿಮ್ಮ ಸಾಹೇಬ್ರು ಇನ್ಮೇಲೆ ನಿಮ್ಮ ಮುಖ ನೋಡ್ಕೊಂಡೇ ಗೋಧಿ ತಿಂತಾರೆ."

ಜನ ನಕ್ಕರು. ದೆಸ್ಪಿನಾಗೆ ಇನ್ನು ಸುಮ್ಮನಿದ್ದರೆ ಕೆಟ್ಟೆ ಅನ್ನಿಸಿತು.

"ತಿರುಗಿಸ್ಬೇಡಿ," ಎಂದಳು.

ಕ್ರೇನಿನ ಕಿಟಕಿಯಿಂದ ಅವಳ ಅಣ್ಣನ ಮಗ ನಿಕೊ ತಲೆ ಹೊರಗೆ ಹಾಕಿದ. "ಅತ್ತೇ, ನಿನ್ನ ವರಾತ ಮನೇಲಿಟ್ಕೋ! ಜನ ಕಾಯ್ತಿದಾರೆ."

"ಅಲ್ಲ ಅಜ್ಜಿ," ಮೇಯರ್‌ಗೆ ಆಶ್ಚರ್ಯ. "ಅಷ್ಟು ಭಕ್ತಿ ಇಟ್ಕೊಂಡಿದೀರ, ಮುಖ ನೋಡೋಕೆ ಮಾತ್ರ ಬೇಡ ಅಂತೀರಲ್ಲ!"

"ಭಕ್ತೀನಾ? ಇವನ ಮೇಲಾ?" ಮುದುಕಿಗೆ ಮೈಯೆಲ್ಲ ಉರಿಯಿತು. "ಅದು ನಮ್ಮಲ್ಲಿ ಸತ್ತೋರಿಗೆ ಇಡೋ ಗೋಧಿ. ಇವನಿಗೆ ನಾನು ಒಂದು ಕಾಳೂ ಇಟ್ಟೋಳಲ್ಲ. ನಮ್ಮಪ್ಪನಿಗೆ ಇಟ್ಟಿದ್ದು. ಅಗೋ, ಅಲ್ಲಿದಾನೆ."

ಅವಳು ತೋರಿಸಿದ್ದು ವೆದರ್ಬಿಯ ಮುಖದ ನೇರಕ್ಕೆ, ಕಂಬಿಯ ಬೇಲಿಯಾಚೆ ಇದ್ದ ದಿಬ್ಬವನ್ನು. ಕಂಬಿ ಹಾಕುವ ಕಾಲದಲ್ಲಿ ಅಲ್ಲಿ ಗುಡ್ಡ ಕುಸಿದು, ಗ್ರೀಸಿನಿಂದ ಕೂಲಿಗೆ ಬಂದವರ ಒಂದು ಗುಂಪಿಗೆ ಗುಂಪೇ ಮಣ್ಣಿನೊಳಗೆ ಉಳಿದಿತ್ತು. ದೆಸ್ಪಿನಾ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಹೆಣ ತೆಗೆಯುತ್ತ ಕೂತರೆ ಕೆಲಸ ಹಿಂದೆ ಬೀಳುತ್ತದೆಂದು ಅಧ್ಯಕ್ಷ ವೆದರ್ಬಿಯ ಕಡೆಯಿಂದ ತಂತಿ ಬಂತು. ಅವರ ಮೇಲೆಯೇ ಕಂಬಿ ಹಾಸಿದರು. ಗೋರಿಯಿಲ್ಲ, ಕಲ್ಲಿಲ್ಲ. ಗೋಧಿಯ ಬಟ್ಟಲು ಹಿಡಿದು ಹೋದ ಅವಳ ತಾಯಿಯನ್ನು ಕಾವಲಿನವರು ನಾಯಿ ಬಿಟ್ಟು ಅಟ್ಟಿದ್ದರು. ಬೇಲಿಯ ಈಚೆ ಆ ದಿಬ್ಬಕ್ಕೆ ಎದುರಾಗಿ ಬಟ್ಟಲು ಇಡಬಹುದಾದ ಜಾಗ ಒಂದೇ ಇತ್ತು, ವೆದರ್ಬಿಯ ಕಾಲಡಿ. ತಾಯಿ ಅಲ್ಲಿಟ್ಟಳು, ಅವಳ ನಂತರ ಮಗಳು.

ನಿಕೊ ಎಂಜಿನ್ ಆರಿಸಿದ. ತಾತ ಗುಡ್ಡ ಕುಸಿದು ಸತ್ತದ್ದು ಅವನಿಗೆ ಗೊತ್ತಿತ್ತು. ಇನ್ನೂ ಅಲ್ಲೇ ಇದ್ದಾನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮೇಯರ್ ಟೋಪಿ ತೆಗೆದ. ಒಳ್ಳೆಯ ಮನುಷ್ಯನೇ ಅವನು. "ದೇವರಾಣೆ ಗೊತ್ತಿರ್ಲಿಲ್ಲ ಅಜ್ಜಿ. ಅಲ್ಲೊಂದು ಕಲ್ಲು ಹಾಕ್ಸೋಣ, ಕಂಪನಿಯವರ ಹತ್ರ ನಾನೇ ಮಾತಾಡ್ತೀನಿ. ಆದ್ರೆ ಇವತ್ತು... ಬ್ಯಾಂಡಿನವರು ಬೇರೆ ಬಂದು ನಿಂತಿದಾರೆ. ಊರಿಗೆ ಹೆಸರು ಕೊಟ್ಟೋನ ಮುಖ ಊರಿಗೆ ಬೇಡ್ವಾ, ನೀವೇ ಹೇಳಿ."

ದೆಸ್ಪಿನಾ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ಈಗ ಯಾರೂ ನಗುತ್ತಿರಲಿಲ್ಲ.

"ಬದುಕಿದ್ದಾಗ ಆ ಕಡೆ ಒಂದ್ಸಲಾನೂ ತಿರುಗಿ ನೋಡಿದೋನಲ್ಲ ಇವನು. ಈಗ ನೋಡ್ತಿದಾನೆ, ನೋಡ್ಲಿ ಬಿಡಿ," ಎಂದಳು. "ಊರಿಗೆ ಇವನ ಹೆಸರು ಸಿಕ್ತು. ನಮ್ಮಪ್ಪನಿಗೆ ಸಿಕ್ಕಿರೋದು ಇವನ ಕಣ್ಣೊಂದೇ."